ಮೂರನೇ ಅಂಗಡಿಯ ದರ

ನವೆಂಬರ್ 5, ಬೆಳಿಗ್ಗೆ 7.40

ಪೂರ್ವದ ಮಾರುಕಟ್ಟೆ ಮುಗಿಯಿತು. ಮೊಟ್ಟೆ ಹಾಗೇ ಇದೆ. ಹಂದಿಮಾಂಸ ಸ್ವಲ್ಪ ಇಳಿದಿದೆ. ಶುಂಠಿಯ ಸುದ್ದಿ ಬೇಡ. ಕೋಸು ಕಿಲೋಗೆ 1.80 ಯುವಾನ್ — ಮೂರೂ ಅಂಗಡಿಯಲ್ಲಿ ಅದೇ. ಗ್ಲೌಸ್ ಹಾಕಿದರೆ ಪೆನ್ನು ಹಿಡಿಯಲಾಗದು, ಬಿಚ್ಚಿದರೆ ಬೆರಳು ಮಾತು ಕೇಳದು. ಸರ್ಕಾರದ ಬೆಲೆ ಕಚೇರಿಗೆ ದರ ಬರೆದು ಕಳಿಸುವ ಈ ಕೆಲಸದಲ್ಲಿ ಹನ್ನೊಂದನೇ ಚಳಿಗಾಲ.

ಚ್ಯೂ ಚಿಕ್ಕಮ್ಮನದು ಯಾವಾಗಲೂ ಮೂರನೇ ಅಂಗಡಿ. ದೂರದಿಂದಲೇ ಶುರು —

"ಬಂದ್ಲು ನೋಡ್ರಪ್ಪಾ, ಕೇಳೋಳು ಬಂದ್ಲು! ಕೊಳ್ಳೋಳು ಯಾವತ್ತು ಬರ್ತೀಯಮ್ಮಾ?"

"ನಿಮ್ಮ ಹತ್ರ ಕೋಸು ಕೊಂಡ್ರೆ ನಮ್ಮಣ್ಣ ನನ್ನ ಮನೆಗೆ ಸೇರ್ಸಲ್ಲ" ಅಂದೆ.

"ಹಾಗಾದ್ರೆ ಅಣ್ಣನ ಹತ್ರಾನೇ ದರ ಕೇಳ್ಕೋ ಹೋಗು."

ಅದನ್ನೂ ಕೇಳುತ್ತೇನೆ. ಮಧ್ಯಾಹ್ನದ ಫಾರ್ಮ್ ಬೇರೆ — ರೈತರಿಗೆ ಹೊಲದಲ್ಲಿ ಸಿಗುವ ದರ. ಪಟ್ಟಿಯಲ್ಲಿ ಏಳನೇ ರೈತ, ಲ್ಯೂಗೌ ಊರಿನ ಲುವಾನ್ ಪೇಷಾನ್. ನನ್ನ ಸ್ವಂತ ಅಣ್ಣ. ಮಧ್ಯಾಹ್ನ 1. ಫೋನ್ ಎತ್ತಿದವನೇ "0.44" ಎಂದು ಇಟ್ಟುಬಿಟ್ಟ. ಮೂಲಂಗಿ ಕೀಳುತ್ತಿದ್ದನಂತೆ.

ಬೆಳಗಿನ ಫಾರ್ಮ್ ಕಚೇರಿಯ ಎರಡನೇ ಮಹಡಿಗೆ, ಮಧ್ಯಾಹ್ನದ್ದು ನಾಲ್ಕನೇ ಮಹಡಿಗೆ. ಎರಡೂ ದರ ಒಂದೇ ಹಾಳೆಯ ಮೇಲೆ ಬರುವುದು ಈ ಡೈರಿಯಲ್ಲಿ ಮಾತ್ರ.

ನವೆಂಬರ್ 9, ಭಾನುವಾರ

ಲ್ಯೂಗೌಗೆ ಹೋಗಿದ್ದೆ. ಬಸ್ಸಿನಲ್ಲಿ ಒಂದೂಕಾಲು ಗಂಟೆ. ದಾರಿಯುದ್ದಕ್ಕೂ ಕೋಸು. ಎಡಕ್ಕೆ ಕೋಸು, ಬಲಕ್ಕೆ ಕೋಸು... ಎಲ್ಲರೂ ಹಾಕಿದ್ದಾರೆ ಈ ಸಲ.

ಅಣ್ಣ ಹಾಕಿದ್ದು ಒಂದೂವರೆ ಎಕರೆ. ಐವತ್ತು ಟನ್ ಬರುತ್ತದೆ ಎನ್ನುತ್ತಾನೆ. ಗಡ್ಡೆ ಕಟ್ಟಿದ್ದು ಎಷ್ಟು ಚೆಂದ! ಮುಷ್ಟಿಯಿಂದ ಗುದ್ದಿ ತೋರಿಸಿದ — ಮರದ ಹಾಗೆ ಗಟ್ಟಿ. ಐವತ್ತೆಂಟು ವರ್ಷ, ಮಂಡಿ ನೋವು, ಆದರೂ ಮಗುವಿನ ಹಾಗೆ ನಗುತ್ತಿದ್ದ.

ಪ್ರತಿ ವರ್ಷ ಬೆಳ್ಳುಳ್ಳಿ ಹಾಕುತ್ತಿದ್ದವನು. ಕಳೆದ ಹೊಸವರ್ಷದ ಹಬ್ಬದಲ್ಲಿ ಊಟಕ್ಕೆ ಕೂತಾಗ ನಾನೇ ಅಂದಿದ್ದೆ, ನಗರದಲ್ಲಿ ಕೋಸಿಗೆ ಚಿನ್ನದ ಬೆಲೆ ಬಂದಿದೆ ಎಂದು. ಸುಮ್ಮನೆ ಅಂದದ್ದು. ಬಾಯಲ್ಲಿ ಹಂದಿಮಾಂಸದ ತುಂಡಿತ್ತು.

ಅತ್ತಿಗೆ ಮರೆತಿಲ್ಲ. ನನಗೆ 'ಬೆಲೆ ಅಮ್ಮ' ಎಂದು ಹೆಸರಿಟ್ಟಿದ್ದಾಳೆ. ಗಂಜಿ ಬಡಿಸುತ್ತಾ — "ನಮ್ಮನೆ ಬೆಲೆ ಅಮ್ಮ ಹೇಳಿದ್ಮೇಲೆ ಮುಗೀತಲ್ಲಾ. ಬೆಳ್ಳುಳ್ಳಿ ಬೀಜ ಎಲ್ಲಾ ಮಾರಿಬಿಟ್ರು ನಿಮ್ಮಣ್ಣ."

"ಏಯ್, ಸುಮ್ನಿರೇ" ಅಂದ ಅಣ್ಣ. "ನಗರದಲ್ಲಿ ಈಗೆಷ್ಟು, ಸಣ್ಣೋಳೇ?"

ಐವತ್ತರ ಹತ್ತಿರ ಬಂದೆ. ಅವನಿಗೆ ಇನ್ನೂ ಸಣ್ಣೋಳು.

"1.80."

"ಅಲ್ಲಿ ಏರಿದ್ರೆ ನಮಗೆ ಏರೋದು ಕುಂಟು ಕತ್ತೆ ಥರ. ಅಲ್ಲಿ ಇಳಿದ್ರೆ ನಮ್ಮದು ಬಾವಿಗೇ ಬೀಳುತ್ತೆ" ಅಂತ ನಕ್ಕ.

ನವೆಂಬರ್ 14, ಸಂಜೆ

ಬೆಳಿಗ್ಗೆ ಕೋಸು 2.40. ಒಂಬತ್ತು ದಿನಕ್ಕೆ ಅರವತ್ತು ಪೈಸೆ ಜಿಗಿತ. ಹಿಮ ಬೀಳುತ್ತದಂತೆ, ಜನ ತುಂಬಿಸಿಡುತ್ತಿದ್ದಾರೆ. ಮುದುಕಿಯರು ಕೈಗಾಡಿ ತಂದಿದ್ದರು.

ಮಧ್ಯಾಹ್ನ ಅಣ್ಣನೇ ಫೋನ್ ಮಾಡಿದ. ಪಿಸುದನಿ. ದಲ್ಲಾಳಿ 'ಲಾರಿ ಹೌ' ಹೊಲದ ಬದುವಿನ ಮೇಲೆ ನಿಂತಿದ್ದಾನಂತೆ. ಊರಿನ ಕೋಸನ್ನೆಲ್ಲ ಕೊಂಡು ನಗರದ ಸಗಟು ಮಂಡಿಗೆ ಹೊಡೆಯುವವನು ಇವನೊಬ್ಬನೇ.

"ಇಡೀ ಹೊಲಕ್ಕೆ 0.56 ಕೊಡ್ತಾನಂತೆ. ಕಡಿಯೋ ಆಳೂ ಅವನದೇ. ನಾಳೆ ಬೆಳಿಗ್ಗೆನೇ ಲಾರಿ ತರ್ತಾನಂತೆ. ಏನ್ಮಾಡ್ಲಿ?"

"ಅಲ್ಲಿ 2.40 ಆಗಿದೆ ಅಣ್ಣ."

"ಹೌದಾ!"

"ಇನ್ನೂ ಏರುತ್ತೆ. ಯಾಕೆ ಅಷ್ಟು ಅವಸರ ಅವನಿಗೆ? ಅವನಿಗೂ ಗೊತ್ತಿದೆ ಅದಕ್ಕೇ. ಕಿರುಹಿಮದ ದಿನದವರೆಗೂ ಕಾಯಿ, ಇನ್ನೆಂಟೇ ದಿನ. ಆವತ್ತು ತಾನೇ ಕೋಸು ಕಡಿಯೋದು ನಮ್ಮ ಕಡೆ."

ದೂರದಲ್ಲಿ ಹೌ ಕೆಮ್ಮುವುದು ಕೇಳಿಸಿತು.

"ನೀನು ಹೇಳ್ತೀಯ ಅಂದ್ಮೇಲೆ..." ಅಂದ ಅಣ್ಣ.

ಕಚೇರಿಯ ದರ ಹೊರಗೆ ಹೇಳಬಾರದು ಎಂಬ ನಿಯಮವಿದೆ. ಆದರೆ ಮಾರುಕಟ್ಟೆಯ ಬೋರ್ಡಿನಲ್ಲೇ ಬರೆದು ನೇತುಹಾಕಿದ್ದಾರಲ್ಲ, ಅದರಲ್ಲಿ ಗುಟ್ಟೇನು?

ನವೆಂಬರ್ 18, ಬೆಳಿಗ್ಗೆ 9

ಹಿಮ. ನಿನ್ನೆ ಮಧ್ಯಾಹ್ನದಿಂದ ಬಿಟ್ಟಿಲ್ಲ. ಹೆದ್ದಾರಿ ಮುಚ್ಚಿದೆ. ಸಗಟು ಮಂಡಿಗೆ ಲಾರಿಗಳು ಬಂದಿಲ್ಲ. ಕಚೇರಿಯಿಂದ ಮೆಸೇಜ್ — ಇವತ್ತಿನಿಂದ ದಿನವೂ ದರ ಕಳಿಸಬೇಕು.

ಎರಡು ಸಲ ಜಾರಿ ಬಿದ್ದೆ. ಮೊಣಕೈ ಊದಿದೆ.

ಮೊದಲ ಅಂಗಡಿ 3.20. ಎರಡನೆಯದು 3.40. ಚ್ಯೂ ಚಿಕ್ಕಮ್ಮನ ಹತ್ತಿರ ಐದೇ ಕೋಸು ಉಳಿದಿದ್ದವು. ಕಂಬಳಿ ಹೊದೆಸಿ ಮಲಗಿಸಿದ್ದಳು, ಕೂಸುಗಳ ಹಾಗೆ.

"ಎಷ್ಟು ಚಿಕ್ಕಮ್ಮಾ?"

"ನಿನಗಾ? 5.60."

"ತಮಾಷೆ ಸಾಕು, ಕೈ ಕೊರೀತಿದೆ."

"ಬರ್ಕೋ ಬರ್ಕೋ. 5.60. ಇವು ನನ್ನ ಖಾಯಂ ಗಿರಾಕಿಗಳಿಗೆ ಇಟ್ಟಿರೋದು. ಬೇರೆಯವರು ಬೇಕು ಅಂದ್ರೆ ಅಷ್ಟು ಕಕ್ಕಲಿ!"

ಬರೆದುಕೊಂಡೆ. ಸರಾಸರಿ 4.07. ಮೊಬೈಲಿನಲ್ಲಿ ತುಂಬಿಸಿ ಕಳಿಸಿದೆ. ಬೆರಳಿಗೆ ಜೀವವಿರಲಿಲ್ಲ. ಬಿಸಿ ಸೋಯಾಹಾಲು ಕುಡಿದ ಮೇಲೆ ಸರಿಹೋಯಿತು.

ಸಂಜೆ 6. ಕೆಳಗೆ 'ಏರಿಕೆಗೆ ಕಾರಣ' ಎಂಬ ಕಾಲಂ ಇತ್ತಲ್ಲ. "ಹಿಮ, ಸಾಗಣೆ ಸ್ಥಗಿತ, ಇನ್ನೂ ಏರುವ ಸಂಭವ" ಎಂದು ಹಾಕಿದ್ದೆ.

ನವೆಂಬರ್ 19

ಬೀ ಸಾಹೇಬರು ತಾವೇ ಫೋನ್ ಮಾಡಿದರು. ಹನ್ನೊಂದು ವರ್ಷದಲ್ಲಿ ಮೂರನೇ ಬಾರಿ. ನಮ್ಮ ವಿಭಾಗದ ಮುಖ್ಯಸ್ಥರು, ಮಾತು ಕಡಿಮೆ, ಟೀ ಜಾಸ್ತಿ.

"ಪೇಯಿಂಗ್ ಅವರೇ, ಪೂರ್ವ ಮಾರುಕಟ್ಟೆ ನಿಮ್ಮದು ತಾನೇ? ವಾರದೊಳಗೆ ಶೇಕಡಾ ಎಪ್ಪತ್ತು ಏರಿದೆಯಲ್ರೀ. ಐವತ್ತು ದಾಟಿದ್ರೆ ಮೇಲಕ್ಕೆ ಹೋಗ್ಬೇಕು, ಗೊತ್ತಲ್ಲ?"

ಗೊತ್ತಿತ್ತು. ನೆನಪಿರಲಿಲ್ಲ.

"ಸರಿಯಾಗಿ ನೋಡಿದ್ದೀರಿ ತಾನೇ?"

"ನೋಡಿದ್ದೀನಿ ಸಾಹೇಬ್ರೇ" ಅಂದೆ.

ಯಾಕೆ ಹಾಗಂದೆ? ಒಂದು ಕ್ಷಣ ಇತ್ತು. ಬಾಯಿ ತೆರೆಯಲು ಸಾಕಷ್ಟು ದೊಡ್ಡ ಕ್ಷಣ. ಅವರು ಫೋನ್ ಇಟ್ಟರು.

ಅಣ್ಣನ ಕೋಸಿನ ಮೇಲೆ ಅರ್ಧ ಅಡಿ ಹಿಮ. ಆದರೂ ಖುಷಿಯಲ್ಲಿದ್ದಾನೆ. ಹೌ ಈಗ 0.80 ಎನ್ನುತ್ತಿದ್ದಾನಂತೆ, ರಸ್ತೆ ತೆರೆದ ಕೂಡಲೇ ಬರುತ್ತೇನೆ ಎಂದನಂತೆ. "ನೀನು ಹೇಳಿದ್ದು ಒಳ್ಳೇದಾಯ್ತು ಸಣ್ಣೋಳೇ."

ನವೆಂಬರ್ 20, ಮಧ್ಯಾಹ್ನ

ಆದೇಶ ಹೊರಬಿತ್ತು. ನಗರದ ಶೈತ್ಯಾಗಾರಗಳಲ್ಲಿ ಕಾದಿಟ್ಟ ಸರ್ಕಾರಿ ಕೋಸನ್ನು ನಾಳೆಯಿಂದ ಬಿಡುತ್ತಾರೆ. ನಲವತ್ತು ಸೂಪರ್‌ಮಾರ್ಕೆಟ್, ಹತ್ತು ದಿನ, ಕಿಲೋಗೆ 1.20. ಟಿವಿಯಲ್ಲಿ ಬಂತು. ಕಚೇರಿಯಲ್ಲಿ ಚಪ್ಪಾಳೆ. ಬೀ ಸಾಹೇಬರು ಎಲ್ಲರೆದುರು — "ನಮ್ಮ ಪೇಯಿಂಗ್ ಅವರು ಹಿಮದಲ್ಲಿ ಬಿದ್ದು ಎದ್ದು ತಂದ ಸಂಖ್ಯೆ ಉಪಮೇಯರ್ ಮೇಜಿನ ತನಕ ಹೋಯ್ತು."

ಎಲ್ಲರೂ ನನ್ನ ಮೊಣಕೈ ನೋಡಿದರು. ನಾನೂ ನಕ್ಕೆ.

ಆಮೇಲೆ ಶೌಚಾಲಯದಲ್ಲಿ ಕೂತು ಲೆಕ್ಕ ಹಾಕಿದೆ. ಚಿಕ್ಕಮ್ಮ ಹಿಂದಿನ ಸಂಜೆ ಮಾರಿದ್ದು 3.40ಕ್ಕೆ. ಅದನ್ನೇ ಬರೆದಿದ್ದರೆ ಸರಾಸರಿ 3.33. ಏರಿಕೆ ಶೇಕಡಾ ಮೂವತ್ತೊಂಬತ್ತು. ಐವತ್ತು ದಾಟುತ್ತಿರಲಿಲ್ಲ. ಮೇಲಕ್ಕೆ ಹೋಗುತ್ತಿರಲಿಲ್ಲ.

'ಮಾರಾಟವಾದ ದರ ಮಾತ್ರ ಬರೆಯತಕ್ಕದ್ದು' — ಫಾರ್ಮಿನ ಮೊದಲ ಸಾಲು. ಹನ್ನೊಂದು ವರ್ಷದಿಂದ ಓದುತ್ತಿದ್ದೇನೆ. 5.60ಕ್ಕೆ ಒಬ್ಬ ನರಪಿಳ್ಳೆಯೂ ಕೊಂಡಿರಲಿಲ್ಲ.

ನವೆಂಬರ್ 22, ಕಿರುಹಿಮದ ದಿನ

ಹೆದ್ದಾರಿ ತೆರೆಯಿತು. ಹೌ ಬರಲಿಲ್ಲ. ಫೋನಿನಲ್ಲಿ ಹೇಳಿದನಂತೆ — "ಅಣ್ಣಾವ್ರೇ, ಅಂಗಡಿಯಲ್ಲಿ 1.20ಕ್ಕೆ ಕೊಡ್ತಿರೋವಾಗ ಮಂಡಿಯಲ್ಲಿ ನನ್ನ ಕೋಸು ಯಾರು ಮೂಸ್ತಾರೆ? 0.16ಕ್ಕೆ ಆದ್ರೆ ಲಾರಿ ತರ್ತೀನಿ. ಕಡಿಯೋದು ನೀವೇ."

0.16. ಕಡಿಯುವ ಆಳಿಗೇ ಅಷ್ಟು ಬೀಳುತ್ತದೆ.

ಅಣ್ಣ ಅತ್ತಿಗೆ ಇಬ್ಬರೇ ಕಡಿಯುತ್ತಿದ್ದಾರೆ. ಹಿಮ ಕೊಡವಿ, ಕಡಿದು, ಅಂಗಳದಲ್ಲಿ ಗೋಡೆ ಕಟ್ಟಿದ ಹಾಗೆ ಒಟ್ಟಿ, ಮೇಲೆ ಜೋಳದ ದಂಟು, ಹಳೇ ರಜಾಯಿ. ಇನ್ನೆರಡು ರಾತ್ರಿ ಬಿಟ್ಟರೆ ಹೊಲದಲ್ಲೇ ಹೆಪ್ಪುಗಟ್ಟುತ್ತವೆ.

ದರ ಕೇಳಲು ಫೋನ್ ಮಾಡಬೇಕಿತ್ತು. ಫಾರ್ಮ್ ಕಳಿಸಲೇಬೇಕಲ್ಲ. "0.16" ಅಂದ. ಅಷ್ಟೇ. ಸಣ್ಣೋಳೇ ಅನ್ನಲಿಲ್ಲ.

ನವೆಂಬರ್ 24, ಬೆಳಿಗ್ಗೆ 9.30

ಸೂಪರ್‌ಮಾರ್ಕೆಟಿನ ಬಾಗಿಲಲ್ಲಿ ಸಾಲು. ಒಬ್ಬರಿಗೆ ನಾಲ್ಕೇ ಕೋಸು. ನನ್ನ ಮುಂದೆ ಒಬ್ಬ ಅಜ್ಜ, ಹಲ್ಲಿಲ್ಲ, ಹೆಂಡತಿಯನ್ನು ಬೇರೆ ಸಾಲಿನಲ್ಲಿ ನಿಲ್ಲಿಸಿ ಬಂದಿದ್ದ. ಎಂಟು ಕೋಸಾಯಿತಲ್ಲ ಎಂದು ಅವನ ಮುಖ ಅರಳಿತ್ತು. "ಹೋದ್ವಾರ ಕೋಸು ಮುಟ್ಟೋ ಹಾಗಿರ್ಲಿಲ್ಲ ಮಗಳೇ. ಪೆನ್ಶನ್ ಎಷ್ಟು ಅಂತ ಬರುತ್ತೆ ಹೇಳು."

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಒಂಬತ್ತಕ್ಕೆ ಸರ್ಕಾರಿ ಕೋಸು ಖಾಲಿ. ಪಕ್ಕದ ಕಟ್ಟೆಯಲ್ಲೇ ಅಂಗಡಿಯ ಸ್ವಂತ ಕೋಸು — ಪ್ಲಾಸ್ಟಿಕ್ ಸುತ್ತಿದ್ದು, 2.98. ಅದು ಒಂದು ಪೈಸೆಯೂ ಇಳಿದಿಲ್ಲ. ಮಂಡಿಯಲ್ಲಿ ದರ ಮಣ್ಣುಪಾಲಾಗಿದೆಯಲ್ಲ ಎಂದು ಕೌಂಟರಿನ ಹುಡುಗಿಯನ್ನು ಕೇಳಿದೆ. "ಚೀಟಿ ಮೇಲಿಂದ ಬರುತ್ತೆ ಆಂಟಿ. ನಾವು ಅಂಟಿಸ್ತೀವಿ" ಅಂದಳು.

ಫಾರ್ಮಿನಲ್ಲಿ ಬರೆಯಬೇಕಾದ್ದು ಸರ್ಕಾರಿ ದರ, 1.20. ಆದೇಶ ಬಂದಿದೆ. ಬರೆದೆ.

ನವೆಂಬರ್ 26

ಬೀ ಸಾಹೇಬರ ಕೋಣೆಗೆ ಹೋದೆ. ತಿದ್ದುಪಡಿ ಅರ್ಜಿ ಬರೆದುಕೊಂಡು ಹೋಗಿದ್ದೆ. ಹದಿನೆಂಟನೇ ತಾರೀಖಿನ ಮೂರನೇ ಅಂಗಡಿಯ ದರ ತಪ್ಪು ಎಂದು.

ಓದಿದರು. ಟೀ ಮಗ್ಗಿನ ಮುಚ್ಚಳ ತೆಗೆದರು, ಹಾಕಿದರು.

"ಹೋದ ಸಂಖ್ಯೆ ಹೋಯ್ತು. ಈಗ ಇದನ್ನ ಇಟ್ಕೊಂಡು ಏನ್ಮಾಡ್ಲಿ? ಬಿಟ್ಟ ಕೋಸನ್ನ ವಾಪಸ್ ತುಂಬ್ಸೋಕಾಗುತ್ತಾ?"

"ಇನ್ನೂ ನಾಲ್ಕು ದಿನ ಇದೆಯಲ್ಲ ಸಾಹೇಬ್ರೇ. ನಿಲ್ಲಿಸಬಹುದು."

"ಯಾಕೆ ನಿಲ್ಲಿಸ್ಬೇಕು? ಜನ ಖುಷಿಯಾಗಿದ್ದಾರೆ."

"ಊರಲ್ಲಿ 0.16 ಆಗಿದೆ."

ನನ್ನನ್ನೇ ನೋಡಿದರು. "ನಿಮ್ಮ ತವರು ಲ್ಯೂಗೌ ಅಲ್ವಾ?"

ಹೌದು ಎಂದೆ.

"ನೋಡೀಮ್ಮಾ... ನಮ್ಮಪ್ಪನೂ ಹೊಲದವನೇ. ಆದ್ರೆ ಈ ನಗರದಲ್ಲಿ ನಲವತ್ತು ಲಕ್ಷ ಬಾಯಿ ಇದೆ. ಕೋಸು ಏರಿದ್ರೆ ನಾಳೆನೇ ಫೋನ್ ಬರುತ್ತೆ ನನಗೆ. ಇಳಿದ್ರೆ ಯಾರೂ ಫೋನ್ ಮಾಡಲ್ಲ." ಅರ್ಜಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು. "ಇದನ್ನ ಫೈಲ್ ಮಾಡಿದ್ರೆ ಮೊದಲು ಹೋಗೋದು ನಿಮ್ಮ ಕೆಲಸ. ಮನೆಗೆ ತಗೊಂಡ್ಹೋಗಿ."

ಮನೆಗೆ ತೆಗೆದುಕೊಂಡು ಬಂದೆ.

ಡಿಸೆಂಬರ್ 4

ಎಂಟು ದಿನ ಬರೆಯಲಿಲ್ಲ. ಬರೆಯಲು ಇದ್ದದ್ದು ಒಂದೇ.

ಇವತ್ತು ಲ್ಯೂಗೌ. ಹೇಳಿಬಿಡುವುದೆಂದು ಹೋದದ್ದು. ಅಂಗಳದ ತುಂಬ ಕೋಸಿನ ಗೋಡೆ. ಒಳಗಡೆಯವು ಬೆವರುತ್ತಿವೆ. ಮೂರು ದಿನಕ್ಕೊಮ್ಮೆ ಗೋಡೆ ಬಿಚ್ಚಿ, ಕೊಳೆತ ಎಲೆ ಸುಲಿದು, ಬಿಸಿಲು ತೋರಿಸಿ, ಮತ್ತೆ ಕಟ್ಟಬೇಕು. ಬೀದಿಯುದ್ದಕ್ಕೂ ಎಲ್ಲರ ಮನೆಯಲ್ಲೂ ಅದೇ ಕೆಲಸ. ಊರಿಗೆ ಊರೇ ನಾರುತ್ತಿದೆ.

"ಬಂದ್ರಾ ಬೆಲೆ ಅಮ್ಮಾ? ಏನಂತೆ ಇವತ್ತಿನ ರೇಟು?" ಅತ್ತಿಗೆ ಸುಲಿಯುವ ಕೈ ನಿಲ್ಲಿಸಲಿಲ್ಲ. ಬೆರಳುಗಳಿಗೆಲ್ಲ ಟೇಪು ಸುತ್ತಿಕೊಂಡಿದ್ದಳು.

ಪಕ್ಕದಲ್ಲಿ ಕೂತು ನಾನೂ ಸುಲಿದೆ. ಎರಡು ಎಲೆ ತೆಗೆದರೆ ಮೂರನೆಯದಕ್ಕೂ ಕಪ್ಪು ಹತ್ತಿರುತ್ತದೆ. ತೆಗೆಯುತ್ತ ತೆಗೆಯುತ್ತ ಕೋಸು ಮುಷ್ಟಿಯಷ್ಟಾಗುತ್ತದೆ.

ಅಣ್ಣ ಹತ್ತು ಟನ್ನನ್ನು ಕುರಿ ಸಾಕುವವನಿಗೆ ಕೊಟ್ಟನಂತೆ. ದುಡ್ಡು ಕೇಳಲಿಲ್ಲವೇ ಎಂದೆ.

"ತಗೊಂಡ್ಹೋಗೋಕೆ ಡೀಸೆಲ್ ಖರ್ಚು ಅವನದೇ ಅಲ್ವಾ" ಅಂದ.

"ನಾನು ಕಾಯಿ ಅನ್ಬಾರ್ದಿತ್ತು ಅಣ್ಣ."

"ನೀನು ಬೋರ್ಡಲ್ಲಿ ಇದ್ದಿದ್ದು ಹೇಳಿದೆ. ಸರ್ಕಾರದ ಕೋಸು ಬರುತ್ತೆ ಅಂತ ನಿನಗೇನು ಕನಸು ಬಿದ್ದಿತ್ತಾ?" ಚಾಕು ಒರೆಸಿಕೊಂಡ. "ಊಟ ಮಾಡ್ಕೊಂಡು ಹೋಗು."

ಆಗ ಹೇಳಬೇಕಿತ್ತು. ಅತ್ತಿಗೆ ಎದುರಿಗಿದ್ದಳು. ನೆಪ ಸಿಕ್ಕಿತು. ಊಟಕ್ಕೆ ಕೋಸಿನ ಪಲ್ಯ, ಕೋಸಿನ ಸಾರು, ಕೋಸಿನ ಉಪ್ಪಿನಕಾಯಿ.

ಡಿಸೆಂಬರ್ 9

ಹೇಗೆ ಬರೆಯಲಿ... ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ನಮ್ಮ ಕಾಲೊನಿಯ ಗೇಟಿನ ಹತ್ತಿರ ಅಣ್ಣನ ಮೂರುಚಕ್ರದ ಗಾಡಿ. ನಲವತ್ತೈದು ಕಿಲೋಮೀಟರ್, ಆ ಚಳಿಯಲ್ಲಿ! ಹುಬ್ಬಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು. ನನಗೆ ಹೇಳಿಯೇ ಇರಲಿಲ್ಲ. ರಟ್ಟಿನ ಮೇಲೆ ತಾನೇ ಬರೆದಿದ್ದ — ಕಿಲೋ 1 ಯುವಾನ್.

ನಮ್ಮ ಕಟ್ಟಡದ ಹೆಂಗಸರು ಸುತ್ತ ನಿಂತರು. ಒಬ್ಬಳು ಎಲೆ ಸುಲಿಯುತ್ತಲೇ ಹೋದಳು.

"ಅಮ್ಮಾ, ಅಷ್ಟು ಸುಲಿದ್ರೆ ಉಳಿಯೋದೇನು?" ಅಂದ ಅಣ್ಣ.

"ತಿನ್ನೋದು ಉಳಿಯುತ್ತೆ. ಹೋದ್ ತಿಂಗಳು 1.20ಕ್ಕೆ ಇದಕ್ಕಿಂತ ಬೆಳ್ಳಗಿರೋದು ಕೊಟ್ರು ಗೊತ್ತಾ? ಎಪ್ಪತ್ತು ಪೈಸೆ ಮಾಡ್ಕೋ."

ಮಾಡಿಕೊಂಡ. ಅರ್ಧ ಗಾಡಿ ಹೋಗಿತ್ತು, ಅಷ್ಟರಲ್ಲಿ ಕಾವಲುಗಾರ ಬಂದು ಇಲ್ಲಿ ಮಾರುವ ಹಾಗಿಲ್ಲ ಎಂದ. ಅಣ್ಣ ವಾದ ಮಾಡಲಿಲ್ಲ. ಟಾರ್ಪಾಲು ಎಳೆದು ಕಟ್ಟಿದ.

ನನಗೆ ಹತ್ತಕ್ಕೆ ಸೂಪರ್‌ಮಾರ್ಕೆಟಿನ ದರ ಬರೆಯಬೇಕಿತ್ತು. "ನಾನೂ ಬರ್ತೀನಿ. ಒಳಗೆ ಬೆಚ್ಚಗಿರುತ್ತೆ" ಅಂದ. ಈ ನಗರಕ್ಕೆ ನಲವತ್ತು ವರ್ಷದಿಂದ ತರಕಾರಿ ಕಳಿಸಿದವನು ಅಂಥ ಅಂಗಡಿಯೊಳಗೆ ಕಾಲಿಟ್ಟದ್ದು ಇದೇ ಮೊದಲು.

ಕೋಸಿನ ಕಟ್ಟೆಯ ಮುಂದೆ ನಿಂತ. ಕೋಸನ್ನು ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ, ಬಿಳಿ ತಟ್ಟೆಯಲ್ಲಿಟ್ಟು, ಮೇಲೆ ಪ್ಲಾಸ್ಟಿಕ್ ಬಿಗಿದಿದ್ದರು. 3.18. ಕೈಗೆತ್ತಿಕೊಂಡ. ತಿರುವಿ ನೋಡಿದ.

"ಇದು ಕಾಲು ಕೋಸು."

"ಹ್ಞೂ."

"ಕಾಲು ಕೋಸು ಯಾರು ತಿಂತಾರೆ?"

"ಒಬ್ಬೊಬ್ರೇ ಇರೋರು. ನನ್ನಂಥೋರು."

ಬೊಗಸೆಯಲ್ಲಿ ಹಕ್ಕಿಮರಿ ಇದ್ದ ಹಾಗೆ ಹಿಡಿದುಕೊಂಡೇ ಇದ್ದ. ಯಾವಳೋ ಬಂದು, "ಸ್ವಲ್ಪ ಸರೀರಿ, ಮುಟ್ಟಿ ಮುಟ್ಟಿ ಇಡ್ಬೇಡಿ" ಅಂದಳು. ಸರಿದ. ಆಮೇಲೆ ನನ್ನ ಕೈಯ ಫಾರ್ಮ್ ನೋಡಿದ.

"ಇದೇನಾ ನೀನು ಬರೆಯೋದು?"

ಅಲ್ಲೇ ಹೇಳಿದೆ. ಕೋಸಿನ ಕಟ್ಟೆಯ ಮುಂದೆ, ಮೇಲಿನ ಸ್ಪೀಕರಿನಲ್ಲಿ ಹಬ್ಬದ ಆಫರ್ ಕೂಗುತ್ತಿರುವಾಗ. ಹದಿನೆಂಟನೇ ತಾರೀಖು, ಚ್ಯೂ ಚಿಕ್ಕಮ್ಮ, ಐದು ಕೋಸು, ನಾನು ಬರೆದದ್ದು, ಬೀ ಸಾಹೇಬರು ಕೇಳಿದಾಗ ನೋಡಿದ್ದೀನಿ ಎಂದದ್ದು. ಎಲ್ಲ.

ಕೇಳಿಸಿಕೊಂಡ. ಕೋಸನ್ನು ಇದ್ದ ಜಾಗಕ್ಕೇ ಇಟ್ಟ, ಚೀಟಿ ಮುಂದಕ್ಕೆ ಬರುವ ಹಾಗೆ.

"5.60ಕ್ಕೆ ಯಾರಾದ್ರೂ ಕೊಂಡ್ರಾ?"

"ಇಲ್ಲ."

"ಒಬ್ರೂ?"

"ಇಲ್ಲ ಅಣ್ಣ."

ತಲೆಯಾಡಿಸಿದ. ಹೊರಗೆ ನಡೆದ. ನಾನು ಹಿಂದೆ ಓಡಿದೆ. ಗಾಡಿಯಲ್ಲಿ ಉಳಿದಿದ್ದ ಕೋಸನ್ನು ಒಂದೊಂದಾಗಿ ನಮ್ಮ ಗೇಟಿನ ಪಕ್ಕ ಇಳಿಸಿದ, ಬೇಕಾದವರು ತಗೊಳ್ಳಲಿ ಎಂದು. ನಾನು ಎತ್ತಲು ಹೋದರೆ ಕೈ ಅಡ್ಡ ಹಿಡಿದ. ಬೈದಿದ್ದರೆ ಚೆನ್ನಾಗಿತ್ತು. ಗಾಡಿ ತಿರುಗಿಸಿಕೊಂಡು ಹೋದ.

ಹತ್ತು ನಿಮಿಷದಲ್ಲಿ ಆ ಕೋಸೆಲ್ಲ ಖಾಲಿ. ಎಪ್ಪತ್ತು ಪೈಸೆಗೆ ಚೌಕಾಸಿ ಮಾಡಿದವಳೂ ಎರಡು ಒಯ್ದಳು.

ಡಿಸೆಂಬರ್ 11

ಫೋನ್ ಎತ್ತುತ್ತಿಲ್ಲ.

ಡಿಸೆಂಬರ್ 13

ಎತ್ತುತ್ತಿಲ್ಲ. ಹೊಲದ ದರದ ಫಾರ್ಮಿನಲ್ಲಿ ಏಳನೇ ರೈತನ ಮುಂದೆ ಗೆರೆ ಎಳೆದು ಕಳಿಸಿದೆ.

ಡಿಸೆಂಬರ್ 15, ಸಂಜೆ

ಅತ್ತಿಗೆಯ ಫೋನ್.

"ನಿಮ್ಮಣ್ಣ ನಗರಕ್ಕೆ ಬಂದು ನಾಲ್ಕು ದಿನ ಆಯ್ತು. ನಿಮಗೆ ಹೇಳ್ಲಿಲ್ವಾ?"

ಇಲ್ಲ.

"ರಿಂಗ್ ರೋಡ್ ಹತ್ರ ಯಾವುದೋ ದೊಡ್ಡ ಶೆಡ್ಡಂತೆ. ಅಂಗಡಿಗಳಿಗೆ ತರಕಾರಿ ಸುಲಿದು ಪ್ಯಾಕ್ ಮಾಡೋ ಕೆಲಸ. ಗಂಟೆಗೆ ಹದಿನಾರು ಯುವಾನ್. ಕಟ್ಟಡದ ಕೆಲಸಕ್ಕೆ ಐವತ್ತೈದು ದಾಟಿದೋರನ್ನ ತಗೊಳ್ಳಲ್ವಂತೆ. ಹೊಲ ಮೂರು ವರ್ಷಕ್ಕೆ ಹೌಗೆ ಕೊಟ್ಟಾಯ್ತು. ಅಂಗಳದಲ್ಲಿದ್ದದ್ದನ್ನ ಟ್ರ್ಯಾಕ್ಟರ್ ತರಿಸಿ ಹೊಲಕ್ಕೇ ಹಾಕಿ ಉತ್ತುಬಿಟ್ರು."

ಮೂಗೆಳೆದುಕೊಂಡೆ.

"ಅಳ್ತಿದ್ದೀರಾ? ಅಳೋದೇನು ಬಂತು ನೀವು. ಅಳ್ಬೇಕಾದೋನು ಬೇರೆಯೋನು. ಯಾವನೋ ತಪ್ಪು ಲೆಕ್ಕ ಬರೆದು ಆ ಸರ್ಕಾರಿ ಕೋಸು ಬಿಡಿಸಿದ್ನಂತೆ. ಮಂಡಿಯಿಂದ ಸುದ್ದಿ ಬಂದು ಊರೆಲ್ಲ ಮಾತಾಡ್ಕೋತಿದೆ. ಅವನ ಕೈಗೆ ಹುಳ ಬೀಳ!"

"ಅಣ್ಣ ಏನಂದ?"

"ಅವರೇನಂತಾರೆ. ಬಾಯಿ ಮುಚ್ಚು ಅಂದ್ರು. ನನಗೇ ಅಂತಾರೆ ಎಲ್ಲಾನೂ."

ಅವಳಿಗೆ ಹೇಳಿಲ್ಲ. ಹೆಂಡತಿಗೂ ಹೇಳಿಲ್ಲ ಅವನು.

ಡಿಸೆಂಬರ್ 22, ವರ್ಷದ ಅತಿ ದೀರ್ಘ ರಾತ್ರಿಯ ಹಬ್ಬ

ಇವತ್ತು ಪುಟ್ಟ ಕಡುಬು ತಿನ್ನದಿದ್ದರೆ ಚಳಿಗೆ ಕಿವಿ ಉದುರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಆ ಶೆಡ್ಡಿನ ಗೇಟಿನಲ್ಲಿ ಪಾಳಿ ಬಿಡುವ ಹೊತ್ತಿಗೆ, ನಾಲ್ಕು ಗಂಟೆಗೆ, ಹೋಗಿ ನಿಂತೆ. ನೀಲಿ ಟೋಪಿಯ ಮುದುಕರು ಗುಂಪಾಗಿ ಬಂದರು. ಎಲ್ಲರೂ ಹೊಲದ ನಡಿಗೆ. ಅವನನ್ನು ಗುರುತಿಸಲು ಹೊತ್ತು ಹಿಡಿಯಿತು.

"ಕಡುಬು ಮಾಡಿದ್ದೀನಿ" ಅಂದೆ.

ನಿಂತ. "ಯಾವುದರದ್ದು?"

"ಹಂದಿಮಾಂಸ, ಈರುಳ್ಳಿ ಸೊಪ್ಪು."

ಬಂದ.

ಮನೆಯಲ್ಲಿ ಮೂವತ್ತು ಕಡುಬು ತಿಂದ. ಕೈ ನೀರಿನಲ್ಲೇ ಇದ್ದು ಬೆಳ್ಳಗೆ ಸುಕ್ಕಾಗಿತ್ತು. ಆಮೇಲೆ ತಾನೇ ಮಾತು ಶುರು ಮಾಡಿದ.

"ಒಳಗೆ ಎಷ್ಟು ಬಿಸಾಕ್ತಾರೆ ಗೊತ್ತಾ? ಮೂರು ಎಲೆ ತೆಗೀರಿ ಅಂತಾರೆ. ಕಣ್ಣಿಗೆ ಹಸಿರು ಕಂಡ್ರೆ ತೆಗಿ. ಹಸಿರು ಇದ್ರೆ ಅಂಗಡಿಯೋರು ವಾಪಸ್ ಕಳಿಸ್ತಾರಂತೆ. ಕೋಸಿನ ಮೂರನೇ ಒಂದು ಭಾಗ ನೆಲಕ್ಕೆ. ಅದರ ದುಡ್ಡೂ ಸೇರಿಸೇ ತಾನೇ ಆ ಚೀಟಿ ಅಂಟ್ಸೋದು."

"ಕಷ್ಟ ಆಗುತ್ತಾ?"

"ಕಷ್ಟ ಏನು. ನೆತ್ತಿ ಮೇಲೆ ಸೂರಿದೆ. ತಿಂಗಳಿಗೆ ಸಂಬಳ." ಮತ್ತೊಂದು ಕಡುಬು ತೆಗೆದುಕೊಂಡು — "ಇಡೀ ವರ್ಷ ಬೆಳೆದಿದ್ದಕ್ಕಿಂತ ಸುಲಿಯೋದಕ್ಕೆ ಜಾಸ್ತಿ ಕೊಡ್ತಾರೆ ಸಣ್ಣೋಳೇ."

ಸಣ್ಣೋಳೇ. ಎದ್ದು ಅಡುಗೆಮನೆಗೆ ಹೋದೆ, ಕುಡಿಯಲು ಕಡುಬು ಬೇಯಿಸಿದ ನೀರು ತರುವ ನೆಪದಲ್ಲಿ. ಮುಖ ತೊಳೆದುಕೊಂಡು ಬಂದೆ.

"ಅತ್ತಿಗೆಗೆ ಯಾಕೆ ಹೇಳ್ಲಿಲ್ಲ?"

"ಹೇಳಿ? ಅವಳು ಊರಿಗೆಲ್ಲ ಹೇಳ್ತಾಳೆ. ಆಮೇಲೆ ನಿನಗೆ ಊರಿಗೆ ಬರೋಕೆ ಮುಖ ಇರುತ್ತಾ?"

"ಸಿಟ್ಟಿಲ್ವಾ ನನ್ನ ಮೇಲೆ?"

ಬಟ್ಟಲು ಕೆಳಗಿಟ್ಟ. "ಇದೆ" ಅಂದ. "ಯಾಕಿರಲ್ಲ. ಬೆಳಿಗ್ಗೆ ಎದ್ದರೆ ಇರುತ್ತೆ. ಸುಲೀತಾ ಸುಲೀತಾ ಒಂದಷ್ಟು ಹೋಗುತ್ತೆ. ಮಾರನೇ ದಿನ ಮತ್ತೆ ಇರುತ್ತೆ."

ಕೆಲಸ ಬಿಟ್ಟುಬಿಡಲೇ ಎಂದು ಕೇಳಿದೆ.

"ಬಿಟ್ರೆ ಇನ್ಯಾರೋ ಬರ್ತಾರೆ. ಅವರಿಗೆ ಹೊಲದಲ್ಲಿ ಅಣ್ಣನೂ ಇರಲ್ಲ." ಟೋಪಿ ಹಾಕಿಕೊಂಡ. "ಈಗ ನಿನಗೂ ಇಲ್ಲ."

ಬಸ್ ಸ್ಟಾಪಿನ ತನಕ ಹೋದೆ. ಬೇಡ ಎನ್ನಲಿಲ್ಲ.

ಡಿಸೆಂಬರ್ 30

ಏಳನೇ ರೈತನ ಜಾಗಕ್ಕೆ ಬೇರೆ ಹೆಸರು ಬೇಕು ಎಂದು ನಾಲ್ಕನೇ ಮಹಡಿಯಿಂದ ಪತ್ರ. ಅಣ್ಣನ ಹೊಲದ ಪಕ್ಕದ ಹೊಲದವಳು ಜೆನ್ ಎಂಬ ಹೆಂಗಸು. ಗಂಡ ತೀರಿಕೊಂಡು ಎರಡು ವರ್ಷ, ಎಲ್ಲ ತಾನೇ ನೋಡಿಕೊಳ್ಳುತ್ತಾಳೆ. ಫೋನ್ ಮಾಡಿದೆ. ಆಗಲಿ ಅಕ್ಕಾ ಅಂದಳು. ಹೆಸರು ಬರೆದೆ.

ಜನವರಿ 11, ಬೆಳಿಗ್ಗೆ 8.30

ಕೋಸು 4.20. ಮೂರೂ ಅಂಗಡಿಯಲ್ಲಿ. ಕೊಳ್ಳುವವರ ಕೈಗೆ ಚೀಲ ಹೋಗುವವರೆಗೂ ನಿಂತು, ಮೂರೂ ಕಡೆ ಕಣ್ಣಾರೆ ನೋಡಿದೆ. ನಿಜವಾದ ದರ.

ಹೊಲಕ್ಕೆ ಹಾಕಿ ಉತ್ತದ್ದು, ಕುರಿಗೆ ಹಾಕಿದ್ದು, ಅಂಗಳದಲ್ಲಿ ಕೊಳೆತದ್ದು — ಎಲ್ಲ ಸೇರಿ ಈಗ ಎಲ್ಲೂ ಕೋಸಿಲ್ಲ. ಹಬ್ಬ ಹತ್ತಿರ. ಬೀ ಸಾಹೇಬರಿಗೆ ಕಳಿಸಿದೆ. ಹಬ್ಬಕ್ಕೆ ಏರುವುದು ಸಹಜ, ಎಚ್ಚರಿಕೆ ಬೇಡ ಎಂದು ಉತ್ತರ. ಶೈತ್ಯಾಗಾರವೂ ಖಾಲಿ ಇರಬೇಕು.

ಹೌ ಒಂದಷ್ಟು ಕೋಸು ಬಚ್ಚಿಟ್ಟಿದ್ದನಂತೆ. 0.16ಕ್ಕೆ ಕೊಂಡದ್ದು. ಈಗ ಲಾರಿ ಬಿಡುತ್ತಿದ್ದಾನೆ. ಚ್ಯೂ ಚಿಕ್ಕಮ್ಮ ಹೇಳಿದಳು.

ಮಧ್ಯಾಹ್ನ 1

ಜೆನ್‌ಗೆ ಫೋನ್ ಮಾಡಿ ಹೊಲದ ದರ ಕೇಳಿದೆ. "ದರ ಹೇಳೋಕೆ ಕೋಸೆಲ್ಲಿದೆ ಅಕ್ಕಾ? ಇಡೀ ಊರಲ್ಲಿ ಒಂದು ಗಡ್ಡೆ ಇಲ್ಲ." ಸೊನ್ನೆ ಬರೆಯಲೇ, ಗೆರೆ ಎಳೆಯಲೇ ತಿಳಿಯಲಿಲ್ಲ. ಗೆರೆ ಎಳೆದೆ.

ಇಡುವ ಮುಂಚೆ ಕೇಳಿದಳು — "ಅಲ್ಲಿ 4.20 ಅಂತೆ, ಹೌದಾ? ಪ್ಲಾಸ್ಟಿಕ್ ಮನೆ ಕಟ್ಟಿ ಈಗ್ಲೇ ಬೀಜ ಹಾಕಿದ್ರೆ ಏಪ್ರಿಲ್‌ಗೆ ಬರುತ್ತೆ. ಎಲ್ಲಾರೂ ಹಾಕೋಣ ಅಂತಿದ್ದಾರೆ. ನೀವು ನಗರದಲ್ಲಿದ್ದೀರಿ, ನಿಮಗೆ ಗೊತ್ತಿರುತ್ತೆ. ಹಾಕ್ಲಾ ಅಕ್ಕಾ?"

ಯೋಚಿಸಿ ಸಂಜೆ ಆರಕ್ಕೆ ಹೇಳುತ್ತೇನೆ ಎಂದೆ.

ಸಂಜೆ 6.10

ಅಣ್ಣನನ್ನು ಕೇಳೋಣವೆಂದರೆ ಈ ವಾರ ಸಂಜೆ ಪಾಳಿಯಲ್ಲಿದ್ದಾನೆ, ಮೊಬೈಲ್ ಹೊರಗಿಡಿಸುತ್ತಾರೆ.

ಹಾಕಬೇಡ ಎಂದರೆ, ಹಾಕಿದವರಿಗೆ ಏಪ್ರಿಲಿನಲ್ಲಿ ಒಳ್ಳೆಯ ದರ ಸಿಕ್ಕಿದರೆ... ಹಾಕು ಎಂದರೆ, ಊರೆಲ್ಲ ಹಾಕಿ... ಗೊತ್ತಿಲ್ಲ ಎನ್ನಬಹುದು. ಅದೊಂದೇ ನಿಜ. ಆದರೆ ಅವಳು ಅದನ್ನು ನಂಬುವುದಿಲ್ಲ, ಗೊತ್ತಿದ್ದೂ ಮುಚ್ಚಿಡುತ್ತಿದ್ದೇನೆ ಎಂದುಕೊಳ್ಳುತ್ತಾಳೆ.

ಅವಳೇ ಫೋನ್ ಮಾಡುತ್ತಿದ್ದಾಳೆ. ಎರಡನೇ ಸಲ. ಎತ್ತಿ ಇಷ್ಟು ಮಾತ್ರ ಹೇಳುತ್ತೇನೆ — ಜೆನ್, ಬೋರ್ಡಿನಲ್ಲಿ 4.20 ಇರುವುದು ನಿಜ, ಕಣ್ಣಾರೆ ನೋಡಿದ್ದೇನೆ, ಆದರೆ ನೀನು ಬಿತ್ತುವ ಮುಂಚೆ ನನ್ನ ಅಣ್ಣ ಯಾಕೆ ಊರು ಬಿಟ್ಟ ಎನ್ನುವುದನ್ನು ನಾನು ನಿನಗೆ ಹೇಳಬೇಕು.